ಭದ್ರಾವತಿಯ ಬಡ್ತಿ

ಡಾಕ್ಟರ್ ಯೋಗರಾಜ್ ಕೊಟ್ಟ ಹೊಸ ಬಿಳಿ ಕೋಟನ್ನು ಮೈತ್ರಿ ತೊಡದೆ ಕೈಯಲ್ಲೇ ಹಿಡಿದು ನಿಂತಳು. ವಿನೋಬನಗರದ ಅವರ ಹಲ್ಲಿನ ಕ್ಲಿನಿಕ್ಕಿನಲ್ಲಿ ಒಂಬತ್ತು ವರ್ಷ ಸಹಾಯಕಿಯಾಗಿದ್ದವಳಿಗೆ ಇವತ್ತು ಬಡ್ತಿ ಸಿಕ್ಕಿತ್ತು. ಭದ್ರಾವತಿಯ ಹೊಸ ಶಾಖೆಯನ್ನು ಇನ್ನು ಅವಳೇ ನೋಡಿಕೊಳ್ಳಬೇಕು.

“ಅಲ್ಲಿಗೆ ಡಾಕ್ಟರ್ ಯಾರು ಬರ್ತಾರೆ ಸರ್?”

“ವಾರಕ್ಕೊಂದ್ಸಲ ನಾನು ಬರ್ತೀನಿ. ಉಳಿದ ದಿನ ಸಣ್ಣಪುಟ್ಟ ಹಲ್ಲು ನೀನೇ ಕೀಳು. ನಿನ್ ಕೈ ಪಳಗಿದೆ ಮಾರಾಯ್ತಿ, ಯಾರಿಗೆ ಗೊತ್ತಾಗುತ್ತೆ?”

ಅವಳು ಕೋಟಿನ ಮಡಿಕೆ ಬಿಡಿಸಿದಳು. ಜೇಬಿನ ಮೇಲೆ ನೀಲಿ ದಾರದಲ್ಲಿ ‘ಡಾ. ಮೈತ್ರಿ’ ಎಂದು ಕಸೂತಿ ಮಾಡಿಸಿದ್ದರು. ಓದಿದಾಗ ಒಂದು ಕ್ಷಣ ಅವಳಿಗೆ ಖುಷಿಯೇ ಆಯಿತು. ಆ ಖುಷಿಗೇ ಅವಳು ಹೆದರಿದಳು.

“ಯಾರಿಗಾದ್ರೂ ಹೆಚ್ಚುಕಮ್ಮಿ ಆದ್ರೆ, ಪೊಲೀಸರು ಹುಡುಕೋದು ಈ ಹೆಸರನ್ನೇ ಅಲ್ವಾ ಸರ್?”

ಯೋಗರಾಜ್ ಕಣ್ಣು ತಪ್ಪಿಸಿದರು. ಮೈತ್ರಿ ಕೋಟನ್ನು ಮೇಜಿನ ಮೇಲಿಟ್ಟು, ತನ್ನ ಊಟದ ಬ್ಯಾಗು ಎತ್ತಿಕೊಂಡು ಹೊರನಡೆದಳು.