ನಡುಮನೆಗೆ ಒಪ್ಪುವ ಪಟ

“ಸ್ವಲ್ಪ ಎಡಕ್ಕೆ ಸರ್ಸೇ,” ಎಂದ ಸದಾಶಿವಯ್ಯ. ಪಟವನ್ನು ಎತ್ತಿ ಗೋಡೆಗೆ ಹಿಡಿದಿದ್ದ ಅವನ ಹೆಂಡತಿ ಸಿದ್ದಲಿಂಗಮ್ಮ ಸರಿಸಿದಳು. ಹೊಸ ಸೋಫಾ ನೀಲಿ, ಪರದೆ ನೀಲಿ, ರೇಡಿಯೋಗೆ ಹೊದಿಸಿದ ಬಟ್ಟೆ ನೀಲಿ. ಈಗ ಪಟದೊಳಗಿನ ಸರೋವರವೂ ನೀಲಿ. ಅವಳು ಮದುವೆಗೆ ಮುಂಚೆ ತಾನೇ ಹೆಣೆದು ತವರಿನಿಂದ ತಂದಿದ್ದ ಮಣಿಯ ಗಿಳಿಗಳು ಈ ನಡುಮನೆಗೆ ಒಪ್ಪುವುದಿಲ್ಲವೆಂದು, ಅವನು ಲಷ್ಕರ್ ಮೊಹಲ್ಲಾದ ಪಟದಂಗಡಿಯಲ್ಲಿ ಅವುಗಳ ಚೌಕಟ್ಟಿಗೇ ಈ ಚಿತ್ರ ಹಾಕಿಸಿಕೊಂಡು ಬಂದಿದ್ದ. ಗಿಳಿಗಳೆಲ್ಲಿ ಎಂದು ಕೇಳಿದ್ದಕ್ಕೆ, “ಅಂಗಡೀಲೇ ಬಿಟ್ಬುಟ್ಟೆ ಕಣೇ, ಯಾರಿಗ್ಬೇಕು ಅವು?” ಅಂದಿದ್ದ.

ಹಿಡಿತ ಬದಲಿಸಲೆಂದು ಅವಳು ಬೆರಳುಗಳನ್ನು ಪಟದ ಹಿಂದಕ್ಕೆ ತೂರಿಸಿದಳು. ಮಣಿ ತಗುಲಿತು. ಸಾಲು ಸಾಲು ಮಣಿ. ಇದು ರೆಕ್ಕೆ, ಇದು ಕೊಕ್ಕು. ಅಂಗಡಿಯವನು ಗಿಳಿಗಳಿದ್ದ ಹಲಗೆಯನ್ನೇ ತಿರುವಿ, ಅದರ ಬೆನ್ನಿಗೆ ಸರೋವರ ಅಂಟಿಸಿದ್ದ. ಹೇಳಿದರೆ ಇವನು ಗಿಳಿಗಳನ್ನೂ ಕೀಳಿಸಿಬಿಡುತ್ತಾನೆ.

“ಹಾಂ, ಅಲ್ಲೇ ಹಿಡ್ಕೊ. ಗಾಳಿಗೆ ಅಲ್ಲಾಡಬಾರ್ದು, ನಾಲ್ಕೂ ಮೂಲೆಗೆ ಮೊಳೆ ಹೊಡ್ದುಬುಡ್ತೀನಿ.” ಸದಾಶಿವಯ್ಯ ಸುತ್ತಿಗೆ ಎತ್ತಿದ.

“ಮೆತ್ತಗೆ ಹೊಡೀರಿ.”

“ಗೋಡೆಗೇನೂ ಆಗಲ್ಲ ಬುಡು.”

ಮೊದಲ ಮೊಳೆ ಇಳಿಯಿತು. ಎರಡನೆಯದೂ ಇಳಿಯಿತು.

“ಮೆತ್ತಗೆ ಹೊಡೀರಿ,” ಎಂದಳು ಸಿದ್ದಲಿಂಗಮ್ಮ, ಗಿಳಿಗಳಿಗೂ ಗೋಡೆಗೂ ನಡುವೆ ಸಿಕ್ಕಿದ್ದ ಬೆರಳುಗಳನ್ನು ಹೊರಗೆ ತೆಗೆಯದೆ.