ಮಂಗಳವಾರದ ನೆರಳು

ಇದನ್ನು ಬೇರೆಯವರಿಗೆ ಕಳುಹಿಸುವ ಮುನ್ನ ಒಮ್ಮೆ ನಿಮಗಾಗಿಯೇ ಓದಿಕೊಳ್ಳಿ...

ಒಂದು ಯುರೇನಿಯಂ ಗಣಿ. ಅದರ ಪ್ರಯೋಗಾಲಯದಲ್ಲಿ ಅಮರಪ್ಪ ಎಂಬ ಹಿರಿಯ ರಸಾಯನಶಾಸ್ತ್ರಜ್ಞರಿದ್ದರು. ಇಪ್ಪತ್ತೆರಡು ವರ್ಷಗಳ ನಿಷ್ಕಳಂಕ ಸೇವೆ.

ಅಲ್ಲಿಗೆ ಕಸ್ತೂರಿ ಎಂಬ ಯುವತಿ ಕೆಲಸಕ್ಕೆ ಬಂದಳು.

ಗಣಿಯಿಂದ ಹೊರಬರುವ ಕೊಳೆನೀರಿನಲ್ಲಿ ಯುರೇನಿಯಂ ಕರಗಿರುತ್ತದೆ. ಕಸ್ತೂರಿ ಸುತ್ತಲಿನ ಗುಡ್ಡದ ಕೆಂಪು ಕಲ್ಲನ್ನು ಪುಡಿ ಮಾಡಿ ಆ ನೀರಿಗೆ ಬೆರೆಸಿ, ತಾರಸಿಯ ಮೇಲೆ ತೊಟ್ಟಿಗಳಲ್ಲಿ ಬಿಸಿಲಿಗಿಟ್ಟಳು.

ಸಂಜೆಯೊಳಗೆ ಯುರೇನಿಯಂ ತಳಕ್ಕಿಳಿಯಿತು... ಬಳಿದು ತೆಗೆಯುವಷ್ಟು.

ಇದೇ ಕೆಲಸಕ್ಕಾಗಿ ಅಮರಪ್ಪನವರು ದುಬಾರಿ ಕೆಮಿಕಲ್‌ಗಳೊಂದಿಗೆ ಹನ್ನೊಂದು ವರ್ಷ ಹೆಣಗಿದ್ದರು.

ಈಗ ಬಂದ ಅತಿಥಿಗಳೆಲ್ಲ ನೇರ ತಾರಸಿಗೇ ಹೋಗುತ್ತಿದ್ದರು. ಚಹಾ ತರುವ ಮೌಲಾಸಾಬ ಕೂಡ ಮೊದಲ ಲೋಟವನ್ನು ಅವಳ ಮುಂದೆ ಇಡತೊಡಗಿದ.

ಒಂದು ಲೋಟ ಚಹಾ... ಅಷ್ಟಕ್ಕೇ ಓದಿದ ಮನುಷ್ಯನ ಎದೆ ಉರಿಯಬೇಕೆ? ಉರಿಯಿತು.

ಪ್ರತಿ ಮಂಗಳವಾರ ಕಸ್ತೂರಿ ಹಳ್ಳಿಗಳ ಬಾವಿನೀರಿನ ಸ್ಯಾಂಪಲ್ ತರಲು ಹೋಗುತ್ತಿದ್ದಳು. ಅವಳ ಜೀಪು ಗೇಟು ದಾಟಿದೊಡನೆ ಅಮರಪ್ಪನವರು ತಾರಸಿಗೆ ಹತ್ತಿ, ತೊಟ್ಟಿಗಳ ಮೇಲೆ ಬಿಸಿಲು ತಾಗದಂತೆ ಕಪ್ಪು ತಾಡಪತ್ರಿಯ ಹೊದಿಕೆ ಎಳೆಯುತ್ತಿದ್ದರು. ಅವಳು ಮರಳುವ ಮುನ್ನ ತೆಗೆದುಬಿಡುತ್ತಿದ್ದರು.

ಪ್ರತಿ ಮಂಗಳವಾರವೂ ಪ್ರಯೋಗ ಸೋತಿತು.

"ಏನವ್ವಾ ಕಸ್ತೂರಿ, ನಿನ್ನ ಸೂರ್ಯ ಮಂಗಳವಾರ ರಜಾ ಹಾಕ್ತಾನೇನು?" ಎಂದು ಅಮರಪ್ಪನವರು ಎಲ್ಲರೆದುರು ಕೇಳಿದರು. ಎಲ್ಲರೂ ನಕ್ಕರು.

"ಅದನ್ನೇ ಹುಡುಕ್ಲಿಕತ್ತೀನ್ರಿ ಸರ," ಎಂದಳು ಅವಳು.

ಐದು ಮಂಗಳವಾರ ಕಳೆದ ಮೇಲೆ ಹೊರಗಿನ ತಜ್ಞರ ಸಮಿತಿ ಬಂದಿತು. ಅವರು ಒಪ್ಪಿದರೆ ಗಣಿಯ ಕೊಳೆನೀರಿನ ದೊಡ್ಡ ಹೊಂಡಕ್ಕೇ ಈ ವಿಧಾನ... ಒಪ್ಪದಿದ್ದರೆ ಅಂದೇ ಅದರ ಕೊನೆ.

ಸಮಿತಿಯ ಅಧ್ಯಕ್ಷೆ ಕೇಳಿದರು: "ಇದು ಬಿಸಿಲಿನದೇ ಕೆಲಸ ಎಂದು ಹೇಗೆ ನಂಬೋಣ? ಕಲ್ಲಿನ ಪುಡಿಯೊಂದೇ ಹೀರಿಕೊಂಡಿರಬಹುದಲ್ಲ?"

"ಕಲ್ಲು ಅದೇ, ನೀರು ಅದೇ ಮೇಡಂ. ಐದು ದಿನ ಬಿಸಿಲೊಂದೇ ಇರಲಿಲ್ಲ. ಆ ಐದೂ ದಿನ ಯುರೇನಿಯಂ ನೀರಿನಲ್ಲೇ ಉಳೀತು."

"ನೆರಳು ಮಾಡಿದ್ದು ಯಾರು? ದಾಖಲೆ ಇದೆಯೆ?"

ಕಸ್ತೂರಿ ತಾರಸಿಯ ರಿಜಿಸ್ಟರ್ ತೆರೆದಿಟ್ಟಳು.

ತಾರಸಿಗೆ ಹತ್ತುವವರು, ಇಳಿಯುವವರು ಸಮಯ ಬರೆದು ಸಹಿ ಹಾಕಲೇಬೇಕೆಂಬುದು ಅಲ್ಲಿನ ನಿಯಮ. ಇಪ್ಪತ್ತೆರಡು ವರ್ಷಗಳ ಅಭ್ಯಾಸ ನೋಡಿ... ಕೆಡುಕು ಮಾಡಲು ಹೋದಾಗಲೂ ಅಮರಪ್ಪನವರು ತಪ್ಪದೆ ಸಹಿ ಹಾಕಿದ್ದರು. 'ಕಾರಣ' ಎಂಬ ಅಂಕಣ ಮಾತ್ರ ಐದೂ ದಿನ ಖಾಲಿ.

"ಮುಚ್ಚಿದವರು, ತೆಗೆದವರು ಅಮರಪ್ಪ ಸರ್," ಎಂದಳು ಕಸ್ತೂರಿ.

ಹಿರಿಯರು ಪರೀಕ್ಷೆಗೆಂದೇ ನೆರಳು ಮಾಡಿದ್ದಾರೆಂದುಕೊಂಡು ಸಭೆ ಚಪ್ಪಾಳೆ ತಟ್ಟಿತು. ಹನ್ನೊಂದು ವರ್ಷ ಅಮರಪ್ಪನವರು ಕಾದಿದ್ದ ಚಪ್ಪಾಳೆ...

ಸುಮ್ಮನೆ ಕೈಮುಗಿದಿದ್ದರೆ ಸಾಕಿತ್ತು. ನಮ್ಮಲ್ಲಿ ಎಷ್ಟು ಮಂದಿ ಅಷ್ಟನ್ನೇ ಮಾಡಿ ಹಾರ ಹಾಕಿಸಿಕೊಳ್ಳುವುದಿಲ್ಲ?

ಅಮರಪ್ಪನವರು ಎದ್ದು ನಿಂತರು.

"ಪರೀಕ್ಷೆ ಮಾಡ್ಲಿಕ್ಕೆ ಮುಚ್ಚಿಲ್ರಿ ಮೇಡಂ... ಈ ಹುಡುಗಿ ಸೋಲ್ಲಿ ಅಂತ ಮುಚ್ಚೀನಿ."

ಅಧ್ಯಕ್ಷೆ ರಿಜಿಸ್ಟರಿನಲ್ಲಿ ಆ ಐದೂ ದಿನದ ಸಾಲುಗಳನ್ನು ಮತ್ತೊಮ್ಮೆ ಓದಿದರು.

"ನಿಮ್ಮ ವಿಚಾರಣೆ ಬೇರೆ ನಡೆಯಲಿ. ಇಲ್ಲಿ ಬರೆದ ಸಮಯವಂತೂ ನಿಜ," ಎಂದು ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕಿದರು.

ಹೊರಗೆ ಬಂದ ಮೇಲೆ ಅಮರಪ್ಪನವರು ಕೇಳಿದರು: "ನಿನಗ ಎಲ್ಲಾ ಗೊತ್ತಿದ್ದೂ ನನ್ನ ಮರ್ಯಾದಿ ಯಾಕ ಉಳಿಸಿದೆವ್ವಾ?"

"ಮೌಲಾಸಾಬ ನೋಡಿ ಹೇಳಿದ್ದ ಸರ. ಯಾರು ಮುಚ್ಚಿದ್ರು ಅಂತ ಮೇಡಂ ಕೇಳಿದ್ರು, ಹೇಳಿದೆ. ಯಾಕ ಅನ್ನೋದು ನೀವೇ ಹೇಳ್ಬೇಕಿತ್ತು."

ಅವರ ಕಣ್ಣು ತುಂಬಿ ಹರಿಯಿತು...

ಅಂದು ಸಂಜೆ ಅಮರಪ್ಪನವರು ರಿಜಿಸ್ಟರ್ ತರಿಸಿಕೊಂಡರು. ಐದು ಖಾಲಿ ಜಾಗಗಳಲ್ಲೂ ಒಂದೇ ಪದ ಬರೆದರು. ಪಕ್ಕದಲ್ಲಿ ಅಂದಿನ ದಿನಾಂಕ ಹಾಕಿ, ಸಹಿ ಮಾಡಿದರು.

ಕಾರಣ: ಹೊಟ್ಟೆಕಿಚ್ಚು.

*ಅಸೂಯೆಯನ್ನು ಕ್ಷಮಿಸಬಹುದು, ಅದಕ್ಕೆ ಒಳ್ಳೆಯ ಹೆಸರಿಟ್ಟು ಮೆರೆಯುವುದನ್ನು ಕ್ಷಮಿಸಲಾಗದು.*

ಇನ್ನೊಬ್ಬರ ಬಿಸಿಲಿಗೆ ನೀವು ಅಡ್ಡ ಬಂದ ದಿನ ಯಾವುದು... ಅದರ ಕಾರಣವನ್ನು ನಿಮ್ಮ ಕೈಯಾರೆ ಬರೆಯಬಲ್ಲಿರಾ?