ಮೂರನೇ ವಿಷಲ್

ಮನೆಗೊಬ್ಬರೇ ಇರಬೇಕೆಂಬ ಕಾನೂನು ಬಂದು ಹನ್ನೊಂದು ವರ್ಷವಾಯಿತು. ಅಡುಗೆಮನೆಗಳೂ ಹೋದವು, ಊಟ ಡಬ್ಬಿಯಲ್ಲಿ ಬರುತ್ತದೆ. ಸಂಸಾರದ ಸದ್ದು ಬೇಕಾದವರು ಸ್ಪೀಕರ್ ಕೊಳ್ಳುತ್ತಾರೆ. ಅಗ್ಗದ ಸ್ಪೀಕರುಗಳನ್ನು ಮನೆಯಲ್ಲಿ ಕೇಳಿ ನೋಡಿ ಅಂಕ ಕೊಡುವುದು ನನ್ನ ಕೆಲಸ.

ಇವತ್ತಿನ ಜೋಡಿಯನ್ನು ಪುಸ್ತಕದ ಕಪಾಟಿನಲ್ಲಿಟ್ಟೆ. ಬಕೆಟ್ಟಿಗೆ ನೀರು ಬೀಳುವ ಸದ್ದು ಬರೀ ಡಬ್ಬಾ. ಒಗ್ಗರಣೆಯ ಚಟಪಟ ಪರವಾಗಿಲ್ಲ. ಆಮೇಲೆ ಕುಕ್ಕರ್ ಕೂಗಿತು. ಮೂರನೇ ವಿಷಲ್ಲಿಗೆ, "ಅಕ್ಕಾ, ಮೂರಾಯ್ತು, ಸ್ಟವ್ ಆರಿಸೇ!" ಎಂದು ಕೂಗಿಬಿಟ್ಟೆ.

ಅಕ್ಕನಿಗೆ ಸಿಕ್ಕ ಮನೆ ಬೀದರಿನಲ್ಲಿದೆ. ಕುಕ್ಕರ್ ನಾಲ್ಕನೇ ಸಲ ಕೂಗಿತು. ಐದನೇ ಸಲವೂ ಕೂಗಿತು.

ಕಂಪನಿಯ ತಸ್ನೀಮ್ ಫೋನ್ ಮಾಡಿದಳು. "ಸೌಂಡ್ ಹೇಗಿದೆ ಸಾರ್?"

"ಕುಕ್ಕರಿಗೆ ಹತ್ತಕ್ಕೆ ಹತ್ತು ಕಣಮ್ಮಾ. ಆದ್ರೆ ಒಬ್ಬರೇ ಇರೋರಿಗೆ ಇದನ್ನ ಮಾರಬೇಡಿ."



"ಇನ್ಯಾರಿದ್ದಾರೆ ಸಾರ್?"